ಸಿಪ್ಪಿ ಸಮೇತ ತರ್ರಿ

ಏನು ಕೈಗೆ ಸಿಕ್ಕರೂ ಅವರು ಮೊದಲು ಮೂಸಿ ನೋಡುತ್ತಿದ್ದರು. ಕಣ್ಣು ಮುಚ್ಚಿ, ತಲೆಯನ್ನು ತುಸು ಬಲಕ್ಕೆ ವಾಲಿಸಿ, ಪೂಜೆಯ ಹೂವನ್ನು ಕದ್ದು ಮೂಸುವ ಹುಡುಗಿಯ ಹಾಗೆ. ಆದರೆ ಅವರ ಕೈಯಲ್ಲಿರುತ್ತಿದ್ದುದು ಹೂವಲ್ಲ. ನೀಲಗಿರಿ ಗಿಡದ ಬುಡದಿಂದ ಕೆದರಿ ತೆಗೆದ, ಮಣ್ಣು ಮೆತ್ತಿದ, ಸಣ್ಣ ಆಲೂಗಡ್ಡೆಯಂಥ ಉಂಡೆ. ನೆಲದೊಳಗೆ ಹುಟ್ಟಿ, ನೆಲದೊಳಗೇ ಬಲಿಯುವ ಅಣಬೆ.

ಅವರು ಮುದ್ದೇಬಿಹಾಳದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ನಾನು ಅದೇ ವಿಭಾಗದ ಪ್ರಯೋಗಶಾಲೆಯಲ್ಲಿ ಅಟೆಂಡರ್. ಮ್ಯಾಟ್ರಿಕ್ ಪಾಸಾಗಿ ಮುಂದೆ ಓದಲಾಗದೆ ಆ ಕೆಲಸಕ್ಕೆ ಸೇರಿದವನು. ಕಾಲೇಜಿನವರೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದರು. ನಾನೊಬ್ಬ ‘ಅಕ್ಕೋರ’ ಎನ್ನುತ್ತಿದ್ದೆ. ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಕರೆಯುವುದೇ ಹಾಗೆ. ಅವರೂ ನನ್ನನ್ನು ‘ತಮ್ಮಾ’ ಎನ್ನುತ್ತಿದ್ದರು.

ಈ ವರ್ಷ ಮಳೆಗಾಲಕ್ಕೆ ಮುಂಚೆ ಇಂಡಿಗೆ ಒಂದು ಲಗ್ನಕ್ಕೆ ಹೋಗಿದ್ದೆ. ಊಟದ ಸಾಲಿನಲ್ಲಿ ಪಕ್ಕಕ್ಕೆ ಕೂತವನು ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿ. ಹುಗ್ಗಿಗೆ ತುಪ್ಪ ಹಾಕಿಸಿಕೊಳ್ಳುತ್ತ, “ನಮ್ಮ ಮೇಡಂ ಹೋದ್ರಂತಲ್ರಿ, ನಿಮಗ ಗೊತ್ತಾತಿಲ್ಲೋ?” ಎಂದ. ನನಗೆ ಗೊತ್ತಿರಲಿಲ್ಲ. ಎಲೆಯ ಮೇಲಿದ್ದದ್ದನ್ನು ಹೇಗೋ ಮುಗಿಸಿ ಎದ್ದೆ. ಅಂದಿನಿಂದ ಇದನ್ನು ಬರೆಯಬೇಕು ಅನ್ನಿಸುತ್ತಿದೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೇಳಬೇಕಾದ ಜಾಗದಲ್ಲಿ ಹೇಳಿ ಬಂದಿದ್ದೇನೆ.

ಅಕ್ಕೋರು ಲಚ್ಯಾಣದ ಕಡೆಯವರು. ತಂದೆಯದು ಲಿಂಬೆಯ ತೋಟ. ಅಣಬೆಯ ವಿಚಾರ ಮಾತಾಡುವಾಗಲೂ ಅವರ ಬಾಯಲ್ಲಿ ಲಿಂಬೆ ಬಂದೇ ಬರುತ್ತಿತ್ತು. “ನಮ್ಮಪ್ಪ ಹಣ್ಣ ಹಿಂಡತಿದ್ದಿಲ್ಲ. ಸಿಪ್ಪಿ ಮ್ಯಾಲ ಹೆಬ್ಬಟ್ಟ ಆಡಿಸಿ, ಇದರಾಗ ರಸ ಎಷ್ಟೈತಿ ಅಂತ ಹೇಳತಿದ್ದ. ಸಿಪ್ಪಿ ಸುಳ್ಳ ಹೇಳಂಗಿಲ್ಲ” ಎನ್ನುತ್ತಿದ್ದರು. ಅವರ ಡಬ್ಬಿಯಲ್ಲಿ ಯಾವಾಗಲೂ ಕಟಕ ರೊಟ್ಟಿ, ಶೇಂಗಾ ಚಟ್ನಿ, ಲಿಂಬೆ ಉಪ್ಪಿನಕಾಯಿ ಇರುತ್ತಿದ್ದವು. ಪಲ್ಯ ಮಾಡಲು ಬರುವುದಿಲ್ಲವೆಂದು ಅವರೇ ಒಪ್ಪಿಕೊಳ್ಳುತ್ತಿದ್ದರು. ಒಲೆಯ ಮೇಲೆ ಏನಿಟ್ಟರೂ ಅದನ್ನು ಮರೆತು ಪುಸ್ತಕ ಹಿಡಿಯುವ ಜಾತಿ. ಯಾರನ್ನೂ ಹೊಗಳುತ್ತಿರಲಿಲ್ಲ. ಸರಿಯಾಗಿ ಮಾಡಿದರೆ “ಹೂಂ” ಎನ್ನುವರು, ತಪ್ಪು ಮಾಡಿದರೂ “ಹೂಂ” ಎನ್ನುವರು. ಎರಡರ ವ್ಯತ್ಯಾಸ ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು.

ನಾನು ಅವರಿಗೆ ಮೊದಲ ಸಲ ಅಣಬೆ ತಂದುಕೊಟ್ಟಿದ್ದು ನೆನಪಿದೆ. ನಿಡಗುಂದಿ ಹತ್ತಿರದ ಒಂದು ಊರಿಗೆ ನನ್ನ ತಂಗಿ ನೀಲವ್ವನನ್ನು ಕೊಟ್ಟಿದ್ದೆವು. ಆಣೆಕಟ್ಟಿನ ನೀರಿಗೆ ಹಳೆಯ ಊರು ಮುಳುಗಿದ ಮೇಲೆ ಎತ್ತರದ ಬರಡು ಮಡ್ಡಿಯ ಮೇಲೆ ಕಟ್ಟಿದ ಹೊಸ ಊರು ಅದು. ಊರಿನ ಬೆನ್ನಿಗೆ ನೀಲಗಿರಿ ನೆಟ್ಟಿದ್ದರು. ಆ ಗಿಡಗಳ ಕೆಳಗೆ ಮೊದಲ ಮಳೆಗೆ ಉಂಡೆಗಳು ಏಳುತ್ತವೆ ಎಂದು ತಂಗಿ ಹೇಳಿದ್ದಳು. ನಾನು ಒಂದಿಷ್ಟು ಆರಿಸಿ ತಂದು, ಕಾಲೇಜಿನ ನಲ್ಲಿಯ ಕೆಳಗೆ ತಿಕ್ಕಿ ತಿಕ್ಕಿ ತೊಳೆದು, ಬೇರಿನಂತೆ ಜೋತಾಡುತ್ತಿದ್ದ ಎಳೆಗಳನ್ನೆಲ್ಲ ಕಿತ್ತು, ಒಂದು ತಾಟಿನಲ್ಲಿ ನೈವೇದ್ಯದಂತೆ ಸಾಲಾಗಿ ಇಟ್ಟು ಒಯ್ದೆ. ದೊಡ್ಡವರಿಗೆ ಮಣ್ಣು ಮೆತ್ತಿದ ವಸ್ತು ಕೊಡಬಾರದೆಂದು ನಮ್ಮವ್ವ ಕಲಿಸಿದ್ದಳು. ಹೊಲದ ಗೆಣಸೇ ಇರಲಿ, ತೊಳೆದು ಒರೆಸಿಯೇ ಕೊಡಬೇಕು.

ಅಕ್ಕೋರು ತಾಟನ್ನು ನೋಡಿದರು, ನನ್ನನ್ನು ನೋಡಿದರು.

“ಇದರ ಗಡ್ಡ ಎಲ್ಲೈತಿ ತಮ್ಮಾ?”

“ತೆಗದೀನ್ರಿ. ಚಂದ ಕಾಣತಿದ್ದಿಲ್ಲ.”

“ಲಗ್ನಕ್ಕ ಹೆಣ್ಣ ತೋರಸಾಕ ತಂದೀಯೇನು? ನೀ ಕ್ಷೌರ ಮಾಡಿ ಸ್ನಾನಾ ಮಾಡಿಸಿ ತಂದ್ರ ಇವು ಯಾರಂತ ನಾ ಹೆಂಗ ಹೇಳ್ಲಿ? ಮಣ್ಣ ಸಮೇತ, ಗಡ್ಡ ಸಮೇತ, ಸಿಪ್ಪಿ ಸಮೇತ ತರ್ಬೇಕು.”

ಆಮೇಲಿನ ಮಳೆಗಾಲಗಳಲ್ಲಿ ಭಾನುವಾರ ಬಂತೆಂದರೆ ಇಬ್ಬರೂ ನಿಡಗುಂದಿ ಬಸ್ಸು ಹಿಡಿಯುತ್ತಿದ್ದೆವು. ಅವರ ಚೀಲದಲ್ಲಿ ಒಂದು ಕುರ್ಪಿ, ಬ್ಲೇಡು, ಹಳೆಯ ಪೇಪರು. ನೀಲಗಿರಿ ತೋಪಿನಲ್ಲಿ ಅವರು ನಿಂತು ಹುಡುಕುತ್ತಿರಲಿಲ್ಲ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತು, ಹಾಗೇ ಸರಿಯುತ್ತ ಹೋಗುತ್ತಿದ್ದರು. ತಗಡಿನ ಮೇಲೆ ರೊಟ್ಟಿ ಉಬ್ಬುವಂತೆ ನೆಲ ಎಲ್ಲಿ ಉಬ್ಬಿದೆ, ಉಬ್ಬಿದಲ್ಲಿ ಎಲ್ಲಿ ಸಣ್ಣ ಬಿರುಕಿದೆ ಎಂದು ಅಂಗೈಯಿಂದ ಸವರಿ ನೋಡುತ್ತಿದ್ದರು. ಉಂಡೆ ಸಿಕ್ಕರೆ ಮೂಸುವುದು. ಆಮೇಲೆ ಸಿಪ್ಪೆಯನ್ನು ಉಗುರಿನಿಂದ ಗೀರಿ ಬಣ್ಣ ತಿರುಗುತ್ತದೆಯೋ ಎಂದು ಕಾಯುವುದು. ಆಮೇಲೆ ಕೊಯ್ಯುವುದು.

“ಉದ್ದ ಕೊಯ್ಯಿ. ನೆತ್ತಿಯಿಂದ ಬುಡಕ್ಕ. ಅಡ್ಡ ಕೊಯ್ದ್ರ ಎಲ್ಲಾ ಚಂದ್ರನಂಗ ದುಂಡಗ ಕಾಣತಾವ. ಉದ್ದ ಕೊಯ್ದ್ರ ಬುಡಾ ಕಾಣತೈತಿ. ಒಳಗ ಕಾಂಡ ಐತೇನು, ಛತ್ರಿ ಮಡಚಿಕೊಂಡು ಕುಂತೈತೇನು, ಬೇರ ಹೆಂಗ ಬಿಟ್ಟೈತಿ, ಎಲ್ಲಾ ಅಲ್ಲೇ ಗೊತ್ತಾಗೂದು.”

ನಾನು ಕೊಯ್ಯುತ್ತಿದ್ದೆ, ಅವರು ತೋರಿಸುತ್ತಿದ್ದರು. ಒಂದರ ಒಳಗೆ ಬುಂದಿ ಲಾಡು ಮುರಿದಂತೆ ಕಾಳು ಕಾಳು. “ಇದು ಬ್ಯಾರೆ ಮನೆತನ.” ಇನ್ನೊಂದರ ಸಿಪ್ಪೆ ಹಾಲಿನ ಕೆನೆಯಷ್ಟು ತೆಳು, ಒಳಗೆ ಮೆತ್ತಗೆ ಬಿಳುಪು. “ಇದೂ ಬ್ಯಾರೆ. ಇದು ಎಳೇದಿದ್ದಾಗ ತಿನ್ನವರು ತಿಂತಾರ.” ಮತ್ತೊಂದರ ಸಿಪ್ಪೆ ಚಪ್ಪಲಿಯ ತೊಗಲಿನಂತೆ ದಪ್ಪ, ಕೊಯ್ದ ಅಂಚು ನೋಡನೋಡುತ್ತಲೇ ತುಸು ಕೆಂಪೇರುವುದು, ಒಳಗೆ ಕರಿನೇರಳೆಯ ಹಿಟ್ಟು, ಅದರ ತುಂಬ ಬಿಳಿಯ ನೂಲಿನ ಬಲೆ, ಬುಡದಲ್ಲಿ ಮಣ್ಣನ್ನು ಬಿಗಿದು ಹಿಡಿದ ಗಡ್ಡ. “ಇದು ಸ್ಕ್ಲೆರೋಡರ್ಮಾ. ಗಟ್ಟಿ ಚರ್ಮದ್ದು ಅಂತ ಅರ್ಥ. ಹೊರದೇಶದಾಗ ಟ್ರಫಲ್ ಅಂತ ಬಂಗಾರದ ಬೆಲಿಗೆ ಮಾರತಾರಲ್ಲ, ಇದು ಅದರ ಮಾರಿ ಹೊತ್ತು ಬರತೈತಿ. ತಿಂದ್ರ ಹೊಟ್ಟಿ ತೊಳಸತೈತಿ. ನೆನಪಿಡು, ಇದೂ ಎಳೇದಿದ್ದಾಗ ಒಳಗ ಬೆಳ್ಳಗನ ಇರತೈತಿ. ಎಳೇದಿದ್ದಾಗ ಎಲ್ಲಾ ಬೆಳ್ಳಗ. ಬಲಿತ ಮ್ಯಾಲ ಜಾತಿ ಹೇಳತಾವ. ಅದಕ್ಕ ಒಂದು ಗುರುತು ಗುರುತಲ್ಲ.”

ಒಮ್ಮೆ ಬಸ್ಸಿನಲ್ಲಿ ಕಂಡಕ್ಟರ್ ಚೀಲ ಮುಟ್ಟಿ ನೋಡಿ, “ಆಲೂಗಡ್ಡಿ ಏನ್ರಿ ಮೇಡಂ? ಲಗೇಜ್ ಆಗ್ತೈತಿ ನೋಡ್ರಿ” ಎಂದ.

“ಅಣಬಿ ಅಪ್ಪಾ.”

“ಅಣಬಿ ಅಂದ್ರ ಛತ್ರಿ ಇರತಾವಲ್ರಿ?”

“ಇವು ಛತ್ರಿ ಬಿಚ್ಚಂಗಿಲ್ಲ. ನೆಲದಾಗ ಕುಂತ ಸಂಸಾರ ಮಾಡತಾವ.”

“ಅಂದ್ರ ನಮ್ಮ ಮಾವನಂಗ ಅನ್ರಿ. ಮಗಳನ್ನ ಕೊಟ್ಟಾಗಿಂದ ಮನಿ ಬಿಟ್ಟ ಹೊರಗ ಬಂದಿಲ್ಲ!”

ಬಸ್ಸಿಗೆ ಬಸ್ಸೇ ನಕ್ಕಿತು. ಅಕ್ಕೋರೂ ನಕ್ಕರು. ಅವರು ನಕ್ಕರೆ ಸದ್ದು ಬರುತ್ತಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು.

ತರಗತಿಯಲ್ಲೂ ಹಾಗೆಯೇ. ಪ್ರತಿಯೊಬ್ಬರೂ ಮೂಸಿ, ಏನು ವಾಸನೆಯೆಂದು ಬರೆಯಬೇಕು. ತಾಳಿಕೋಟೆಯ ಒಬ್ಬ ಹುಡುಗ ಕಾಲೆಳೆಯಲೆಂದೇ, “ನಮ್ಮ ಮುತ್ಯಾನ ಚಪ್ಪಲಿ ವಾಸನಿ ಬರಾಕತ್ತೈತ್ರಿ ಮೇಡಂ” ಎಂದ. ಅಕ್ಕೋರು ಮತ್ತೊಮ್ಮೆ ಮೂಸಿದರು. “ಹೂಂ. ಹಳೇ ರಬ್ಬರ ವಾಸನಿ. ಖರೇ ಐತಿ. ಹಂಗ ಬರಿ” ಎಂದರು. ಹುಡುಗ ಪೆಚ್ಚಾದ. ಆದರೆ ಆ ವರ್ಷ ಅಣಬೆಯ ಮೇಲೆ ಎಲ್ಲರಿಗಿಂತ ಚೆನ್ನಾಗಿ ಬರೆದವನು ಅವನೇ. ಟ್ರಫಲ್ ನಮ್ಮ ಕಡೆಯೂ ಸಿಗುತ್ತದೆಯೇ ಎಂದು ಹುಡುಗಿಯೊಬ್ಬಳು ಕೇಳಿದಾಗ ಅವರು ಹೇಳಿದ್ದು: “ಗೊತ್ತಿಲ್ಲವಾ. ಗೊತ್ತಿಲ್ಲ ಅನ್ನೂದೂ ಒಂದು ಉತ್ತರನ. ಬರಕೋ.”

ಅವರಿಗೆ ಒಂದು ಆಸೆಯಿತ್ತು. ನೀಲಗಿರಿ ನಮ್ಮ ಸೀಮೆಗೆ ಹೊಸ ಗಿಡ. ಅದರ ಬೇರಿಗೆ ಅಂಟಿಕೊಂಡು ಬಂದ ಈ ಅಣಬೆಗಳೂ ಹೊಸವು. ಇವುಗಳ ಬಗ್ಗೆ ಹೇಳಿಕೊಡಲು ಯಾವ ಆಯಿಗೂ ಯಾವ ಮುತ್ಯಾನಿಗೂ ಗೊತ್ತಿಲ್ಲ. ಅದಕ್ಕೇ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ, ಎಲ್ಲೆಲ್ಲಿ ನೀಲಗಿರಿ ಇದೆಯೋ ಅಲ್ಲೆಲ್ಲ ತಿರುಗಿ, ಹೊಲಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಯಾವುದು ಯಾವ ಜಾತಿಯೆಂದು ಕಣ್ಣಿಂದ, ಕೈಯಿಂದ, ಮೂಗಿನಿಂದ ಗುರುತಿಸಲು ಕಲಿಸಬೇಕು. ಅಕ್ಕೋರನ್ನು ನಂಬಿ ಕಾಲೇಜಿನ ಹುಡುಗಿಯರ ತಂದೆತಾಯಂದಿರು ಮಕ್ಕಳನ್ನು ಈ ತಿರುಗಾಟಕ್ಕೆ ಕಳಿಸುತ್ತಿದ್ದರು. ಊರವರು ತೋಪಿನ ದಾರಿ ತೋರಿಸುತ್ತಿದ್ದರು. ಅವರ ಕೆಲಸವೆಲ್ಲ ನಿಂತಿದ್ದುದು ಆ ನಂಬಿಕೆಯ ಮೇಲೆ. ಅದನ್ನು ಕೆಡಿಸಿದವನು ನಾನು.

ಅಷ್ಟು ಹೊತ್ತಿಗೆ ತಂಗಿಯ ಊರಲ್ಲಿ ನನಗೆ ‘ಅಣಬಿ ಸಾಹೇಬ’ ಎಂಬ ಹೆಸರು ಬಿದ್ದಿತ್ತು. ಚಾಷ್ಟಿಗೆ, ನಗಲೆಂದು ಇಟ್ಟ ಹೆಸರು. ನಾನು ಅದನ್ನು ನಿಜವೆಂದೇ ಹೊತ್ತು ತಿರುಗಿದೆ. ಒಂದು ಮಳೆಗಾಲ, ಅಕ್ಕೋರು ಜೊತೆಗಿಲ್ಲದಾಗ, ತಂಗಿಯ ಮನೆಗೆ ಹೋಗಿದ್ದೆ. ಮರುದಿನ ಬೆಳಿಗ್ಗೆ ನಾನು ಬಸ್ಸಿಗೆ ಹೊರಟು ನಿಂತಾಗ ನೀಲವ್ವ ಒಂದು ತಾಟು ತಂದಳು. ಮೇಲೆ ಹೊಸ ಕುಪ್ಪಸದ ಖಣ ಮುಚ್ಚಿದ್ದಳು. ತೆಗೆದರೆ ತೊಳೆದು, ಸಿಪ್ಪೆ ಹೆರೆದು, ಮುತ್ತಿನಂತೆ ಬೆಳ್ಳಗೆ ಮಾಡಿದ ಉಂಡೆಗಳು. ನಾನು ಒಂದಾನೊಂದು ದಿನ ಅಕ್ಕೋರಿಗೆ ಕೊಟ್ಟ ಹಾಗೆಯೇ. ಅದೇ ಅವ್ವ ಕಲಿಸಿದ ಮಗಳಲ್ಲವೇ ಅವಳೂ.

“ಅಣ್ಣಾ, ಇವು ತಿನ್ನೂವೇನ? ಎದುರಿಗಿನ ಇಮಾಮಸಾಬರ ಮನಿಯವರೂ ಕೇಳಾಕತ್ತಾರ. ನೀ ಹೂಂ ಅಂದ್ರ ಇವತ್ತ ಮಧ್ಯಾಹ್ನಕ್ಕ ಮಾಡತೇವಿ.”

ಅವಳ ಅತ್ತೆ, ಗಂಡ, ಮೈದುನ ಎಲ್ಲರೂ ಸುತ್ತ ನಿಂತಿದ್ದರು. ತಂಗಿಯ ಮುಖದಲ್ಲಿ, ನಮ್ಮ ತವರಿನವನು ಎಷ್ಟು ಬಲ್ಲವನು ನೋಡಿರಿ ಎಂಬ ಹೆಮ್ಮೆ. ನನಗೆ ಗೊತ್ತಿಲ್ಲ ಎಂದು ಹೇಳಬೇಕಿತ್ತು. ಸಿಪ್ಪೆ ಎಲ್ಲಿ ಎಂದು ಕೇಳಬೇಕಿತ್ತು. ಬೀಗರ ಮುಂದೆ ಬಾಯಿ ಬರಲಿಲ್ಲ. ಈಳಿಗೆಯ ಮೇಲೆ ಒಂದನ್ನು ಇಟ್ಟು ಕೊಯ್ದೆ. ಬೆಣ್ಣೆಯಂತೆ ಬಿಳುಪು.

“ತಿನ್ನಾಕ ಬರತೈತಿ” ಎಂದೆ.

ಅತ್ತೆ ಅನುಮಾನದಿಂದ, “ಖರೇ ಏನಪಾ? ಯಾರ ಹೇಳ್ಯಾರ?” ಎಂದರು.

“ನಮ್ಮ ಅಕ್ಕೋರ ಹೇಳ್ಯಾರ್ರಿ. ಕಾಲೇಜಿನ ಮೇಡಂ. ಅವರಕಿಂತ ಬಲ್ಲವರು ಯಾರದಾರ?”

ಇಷ್ಟೇ. ಖಣವನ್ನು ಮಡಚಿ ತಂಗಿಯ ಕೈಗೆ ಕೊಟ್ಟು ಬಸ್ಸು ಹತ್ತಿದೆ.

ಮರುದಿನ ಬೆಳಿಗ್ಗೆ ಇಮಾಮಸಾಬ ಮೋಟಾರ್ ಸೈಕಲ್ ಮೇಲೆ ಕಾಲೇಜಿಗೆ ಬಂದ. ಗೌಂಡಿ ಕೆಲಸದವನು, ಎತ್ತರದ ಆಳು, ದನಿಯೂ ಹಾಗೆಯೇ. ಊಟವಾಗಿ ಸ್ವಲ್ಪ ಹೊತ್ತಿಗೇ ಎರಡೂ ಮನೆಯವರಿಗೆ ವಾಂತಿ, ಬೆವರು, ಹೊಟ್ಟೆನೋವು. ಎಲ್ಲರನ್ನೂ ನಿಡಗುಂದಿಯ ದವಾಖಾನೆಗೆ ಹಾಕಿದ್ದರು. ಉಳಿದವರು ಬೆಳಿಗ್ಗೆ ಮನೆಗೆ ಬಂದಿದ್ದರು; ಅವನ ಹೆಂಡತಿಗೆ, ತಂಗಿಯ ಅತ್ತೆಗೆ ಇನ್ನೂ ಸಲೈನ್ ನಡೆದಿತ್ತು. ಅಣಬೆ ಯಾವ ಜಾತಿಯದು ಎಂದು ಡಾಕ್ಟರು ಕೇಳುತ್ತಿದ್ದರು. ಮೊದಲು ಸುಮ್ಮನಿದ್ದು ಎರಡು ದಿನ ಬಿಟ್ಟು ಪಿತ್ತಜನಕಾಂಗವನ್ನು ಕೆಡಿಸಿ ಕೊಲ್ಲುವ ಜಾತಿಗಳೂ ಇವೆಯಂತೆ; ಅದಾದರೆ ಈಗಲೇ ದೊಡ್ಡ ದವಾಖಾನೆಗೆ ಒಯ್ಯಬೇಕು.

“ಎಲ್ಲಿ ಆಕಿ? ಅಣಬಿ ತಿನ್ರಿ ಅಂತ ಹೇಳಿ ಕಳಿಸಿದಾಕಿ ಎಲ್ಲಿ?” ಎಂದು ಅವನು ಪ್ರಾಚಾರ್ಯರ ಕೋಣೆಯಲ್ಲಿ ಕೂಗುತ್ತಿದ್ದ. ನಾನು ಬಾಗಿಲಲ್ಲಿ ಚಹದ ಟ್ರೇ ಹಿಡಿದು ನಿಂತಿದ್ದೆ. ಅಕ್ಕೋರು ಬಂದರು. ತಾವು ಹೇಳಿಲ್ಲ ಎಂದು ವಾದಿಸಲಿಲ್ಲ. ಅವರು ಕೇಳಿದ್ದು ಒಂದೇ ಮಾತು.

“ಸಿಪ್ಪಿ ಎಲ್ಲಿ ಒಗದೀರಿ?”

ಇಮಾಮಸಾಬನ ಸಿಟ್ಟು ಒಂದು ಕ್ಷಣ ತಡವರಿಸಿತು. “ಸಿಪ್ಪಿ... ತಿಪ್ಪಿಗಿ ಒಗದಿರಬೇಕು.”

“ನಡೀರಿ. ತಮ್ಮಾ, ಚೀಲ ತಗೋ.”

ತಂಗಿಯ ಮನೆಯ ಹಿಂದಿನ ತಿಪ್ಪೆಯಲ್ಲಿ ಅವರು ಕೂತ ಚಿತ್ರ ನನ್ನ ಕಣ್ಣಿನಿಂದ ಎಂದೂ ಹೋಗಿಲ್ಲ. ಹಿಂದಿನ ದಿನದ ಮಳೆಗೆ ಸೆಗಣಿ, ಬೂದಿ ಎಲ್ಲ ರಾಡಿಯಾಗಿತ್ತು. ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಮೊಣಕೈತನಕ ಇಳಿಸಿ ಕೆದರುತ್ತಿದ್ದರು. ಗೋಡೆಯಾಚೆ ನಿಂತ ಹೆಂಗಸರು ಬಾಯಿಗೆ ಬಂದಂತೆ ಬೈಯುತ್ತಿದ್ದರು. “ಕಲಿತಾಕಿ ಅಂತ ನಂಬಿದ್ರ ಮಂದಿ ಮನಿ ತೊಳ್ಯಾಕ ನಿಂತಾಳ!” ಎಂದಳೊಬ್ಬಳು. ಅಕ್ಕೋರು ತಲೆಯೆತ್ತಲಿಲ್ಲ. ಅವರ ಪಕ್ಕದಲ್ಲಿ ಕೆದರುತ್ತಿದ್ದ ನಾನೂ ತಲೆಯೆತ್ತಲಿಲ್ಲ. ಇಬ್ಬರೂ ತಲೆಯೆತ್ತದಿರಲು ಕಾರಣಗಳು ಬೇರೆ ಬೇರೆ.

ಸಿಪ್ಪೆಗಳು ಸಿಕ್ಕವು. ಅಕ್ಕೋರು ಒಂದನ್ನು ಬೆರಳಲ್ಲಿ ಮಡಚಿದರು. ದಪ್ಪ, ಬಿರುಸು, ಲಿಂಬೆಯ ಸಿಪ್ಪೆಯಂತೆ ಬಾಗದೆ ತೊಗಲಿನಂತೆ ಎದುರು ನಿಂತಿತು. ಬುಡದ ಚೂರುಗಳಲ್ಲಿ ಗಡ್ಡ, ಗಡ್ಡದಲ್ಲಿ ಮಣ್ಣು. ಆದರೂ ಅವರಿಗೆ ಸಾಲದು. “ಒಂದು ಗುರುತು ಗುರುತಲ್ಲ” ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ನೀಲವ್ವನನ್ನು ಕರೆದು ಕೇಳಿದರು.

“ಯವ್ವಾ, ಆರಿಸೂ ಮುಂದ ಕೆಟ್ಟದ್ದು ಅಂತ ಯಾವುದರೇ ಒಗದೀಯೇನು?”

“ಒಗದೇನ್ರಿ. ಎರಡ ಮೂರು ಒಳಗ ಕರ್ರಗಾಗಿ ಕೊಳತಿದ್ದೂರಿ.”

“ಅದು ಕೊಳತಿದ್ದಲ್ಲವಾ. ಅದರ ವಯಸ್ಸು. ಹುಡುಕು.”

ಅವೂ ಸಿಕ್ಕವು. ಅಕ್ಕೋರು ಅಲ್ಲೇ ಉದ್ದಕ್ಕೆ ಸೀಳಿದರು. ಕರಿನೇರಳೆ, ಬಿಳಿಯ ನೂಲಿನ ಬಲೆ. ಕಣ್ಣು ಮುಚ್ಚಿ, ತಲೆ ಬಲಕ್ಕೆ ವಾಲಿಸಿ ಮೂಸಿದರು. ತಿಪ್ಪೆಯ ಆ ನಾತದ ನಡುವೆ ಅವರಿಗೆ ಹೇಗೆ ಗೊತ್ತಾಯಿತೋ. “ಹೂಂ” ಎಂದರು. ನನಗೆ ಆ ‘ಹೂಂ’ ಯಾವುದೆಂದು ಗೊತ್ತಿತ್ತು. ಇಮಾಮಸಾಬನ ಕಡೆ ತಿರುಗಿ, “ನಿಮ್ಮ ಮನಿಯವರಿಗೆ ಏನೂ ಆಗಂಗಿಲ್ಲ. ಇದು ಲಗೂನ ವಾಂತಿ ಮಾಡಿಸಿ ಲಗೂನ ಬಿಡೂ ಜಾತಿ. ನಡೀರಿ, ಡಾಕ್ಟರಿಗೆ ತೋರಸೂನು” ಎಂದರು. ದವಾಖಾನೆಯಲ್ಲಿ ಡಾಕ್ಟರ ಮೇಜಿನ ಮೇಲೆ ಪೇಪರು ಹಾಸಿ, ಸಿಪ್ಪೆ, ಗಡ್ಡ, ಕರಿ ತಿರುಳು ಒಂದೊಂದನ್ನೇ ಇಟ್ಟು ಹೇಳಿದರು. ಕೊನೆಗೆ, “ಇದರ ಹೆಸರಿನ್ಯಾಗ ಚರ್ಮ ಐತ್ರಿ. ಇವರು ಚರ್ಮನ ಒಗದಾರ” ಎಂದು ಬೇಸರದಿಂದ ನಕ್ಕರು. ದೊಡ್ಡ ದವಾಖಾನೆಗೆ ಒಯ್ಯುವ ಮಾತು ಅಲ್ಲಿಗೆ ನಿಂತಿತು. ಎಲ್ಲರೂ ಗುಣವಾಗಿ ಮನೆಗೆ ಬಂದರು.

ಅಂದು ವಾಪಸು ಬರುವ ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಕೂತಿದ್ದರು. ಉಗುರುಗಳ ಸಂದಿಯಲ್ಲಿ ಇನ್ನೂ ತಿಪ್ಪೆಯ ಕರಿ. ಕಾಲುವೆ ದಾಟಿದ ಮೇಲೆ ಕೇಳಿದರು.

“ಉದ್ದ ಕೊಯ್ದಿಯೋ, ಅಡ್ಡ ಕೊಯ್ದಿಯೋ?”

ಯಾರೂ ಅವರಿಗೆ ಹೇಳಿರಲಿಲ್ಲ. ನನ್ನ ಮುಖದ ಮೇಲೆ ಬರೆದಿತ್ತೇನೋ.

“ಅಡ್ಡ ಕೊಯ್ದೇನ್ರಿ.”

ಅವರು ಡಬ್ಬಿ ತೆಗೆದು, ಎಂದಿನಂತೆ ರೊಟ್ಟಿ ಮುರಿದು ಅರ್ಧ ನನ್ನ ಕೈಗೆ ಕೊಟ್ಟರು. ನನಗೆ ಬಾಯಿಗೆ ಹಾಕಲಾಗಲಿಲ್ಲ. “ಉಣ್ಣು. ಉಪಾಸ ಮಾಡಿದ್ರ ತಪ್ಪು ಸಣ್ಣದಾಗಂಗಿಲ್ಲ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಹೋಗಿ ಅವರಿಗೆ ಹೇಳತೀಯೇನು, ನಾ ಹೇಳಿದ್ದಲ್ಲ ಅಂತ?”

“ಹೇಳತೇನ್ರಿ ಅಕ್ಕೋರ. ನಾಳೇನ ಹೋಗತೇನಿ.”

ಹೋಗಲಿಲ್ಲ. ಅತ್ತೆಯ ಮನೆಯಲ್ಲಿ ತಂಗಿಯ ಬಾಳೇನಾದೀತು ಎಂದು ನೆಪ ಹೇಳಿಕೊಂಡೆ. ಕೆಲಸ ಇನ್ನೂ ಕಾಯಂ ಆಗಿಲ್ಲ ಎಂದುಕೊಂಡೆ. ಅವೆಲ್ಲ ಸಿಪ್ಪೆ ಸುಲಿದ ಮಾತುಗಳು. ನಾನು ಹೆದರಿದ್ದು ‘ಅಣಬಿ ಸಾಹೇಬ’ ಎಂಬ ಆ ಪೊಳ್ಳು ಹೆಸರು ಹೋದೀತೆಂದು. ನಿಜವನ್ನು ಊಹಿಸಿದ್ದ ತಂಗಿಯೂ ನನ್ನ ಮಾನ ಉಳಿಸಲು ಬಾಯಿ ಬಿಡಲಿಲ್ಲ. ‘ಕಾಲೇಜಿನ ಆಕಿ ವಿಷದ ಅಣಬಿ ತಿನಿಸಿದಳು’ ಎಂಬ ಮಾತು ಬಸ್ಸಿನಲ್ಲಿ, ಸಂತೆಯಲ್ಲಿ ಬಾಗೇವಾಡಿತನಕ ಹೋಯಿತು. ತಂದೆತಾಯಂದಿರು ಹುಡುಗಿಯರನ್ನು ಕಳಿಸಲೊಲ್ಲರು. ಮಕ್ಕಳನ್ನು ಹೊರಗೆ ಕರೆದೊಯ್ಯುವುದು ಬೇಡ ಎಂದು ಕಾಲೇಜಿನವರೂ ಹೇಳಿಬಿಟ್ಟರು. ಅಕ್ಕೋರು ನನ್ನ ಹೆಸರು ಯಾರಿಗೂ ಹೇಳಲಿಲ್ಲ. ಹೇಳಿ ಬಂದೆಯಾ ಎಂದು ನನ್ನನ್ನು ಇನ್ನೊಮ್ಮೆ ಕೇಳಲೂ ಇಲ್ಲ. ಆದರೆ ಆ ಮೇಲೆ ಅವರು ಎಂದೂ “ತಮ್ಮಾ, ಚೀಲ ತಗೋ” ಎನ್ನಲಿಲ್ಲ. ಭಾನುವಾರ ಮಳೆ ಬಿದ್ದಾಗೆಲ್ಲ ನಾನು ಮನೆಯ ಕಟ್ಟೆಯ ಮೇಲೆ ಕೂತು ಬಸ್‌ಸ್ಟ್ಯಾಂಡಿನ ಕಡೆ ನೋಡುತ್ತಿದ್ದೆ. ಅವರ ನಿವೃತ್ತಿಯ ದಿನ ಹಾರ ಹಾಕಲು ಹೋದಾಗ ಅವರು ಹಾರದ ಹೂವನ್ನು ಮೂಸಿದರು. “ಹೂಂ” ಎಂದರು. ಅದು ಯಾವ ಹೂಂ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಇಂಡಿಯಿಂದ ಬಂದವನು ಮೊದಲ ಮಳೆಗೆ ಕಾದೆ. ಮಳೆ ಬಿದ್ದ ಮೇಲೆ ತಂಗಿಯ ಊರಿಗೆ ಹೋದೆ. ಅವಳಿಗೂ ಈಗ ಮೊಮ್ಮಕ್ಕಳು. ಸೊಸೆ ಪಡಸಾಲೆಯಲ್ಲಿ ಕೂತು ಏನನ್ನೋ ಹೆಚ್ಚುತ್ತಿದ್ದಳು. ನೋಡಿದರೆ ಅದೇ ಉಂಡೆ, ಮಣ್ಣು ಸಮೇತ.

“ತಿನ್ನಾಕಲ್ರಿ ಮಾವಾರ. ಹುಡುಗರು ಆರಿಸಿ ತಂದಾವ. ಯಾವುದಂತ ತೋರಸಾಕ ಕೊಯ್ಯಾಕತ್ತೇನಿ” ಎಂದು ಆಕೆ ನಕ್ಕಳು. ನೆತ್ತಿಯಿಂದ ಬುಡಕ್ಕೆ ನೇರ ಸೀಳಿದಳು.

“ಯಾರ ಕಲಿಸಿದ್ರವಾ ಇದನ್ನ?”

“ಅತ್ತಿಯಾರ ಕಲಿಸ್ಯಾರ. ನಾ ಲಗ್ನಾಗಿ ಬಂದ ವರ್ಷನ. ‘ನಮ್ಮ ಅಣ್ಣನಂಗ ಅಡ್ಡ ಕೊಯ್ಬ್ಯಾಡ’ ಅಂತ ಈಗೂ ಅಂತಿರತಾರ್ರಿ.” ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಒಳಗಿಂದ ಬಂದ ನೀಲವ್ವ ನನ್ನ ಮುಖ ನೋಡಿ ಪಕ್ಕದಲ್ಲಿ ಕೂತಳು. “ಅಕ್ಕೋರ ಹೇಳಿಕೊಟ್ಟಿದ್ದಣ್ಣಾ. ಆ ಮ್ಯಾಲ ಮಳಿಗಾಲದಾಗ ಒಬ್ಬರ ಬರತಿದ್ರು. ಮಂದಿ ಕಟ್ಟಿ ಮ್ಯಾಲ ಕುಂತು ಬೈತಿದ್ರು, ಅವರು ಕೇಳಿಸದಂಗ ಹಿತ್ತಲದಾಗ ಬಂದು ನಮಗ ಕಲಿಸಿ ಹೋಗತಿದ್ರು. ನಿನಗ ಹೇಳಬ್ಯಾಡ ಅಂದಿದ್ರು.”

“ಯಾಕಂತ?”

“‘ಅವ ತಾನ ಬಂದು ಹೇಳಲಿ, ಅಲ್ಲೀತನಕ ನಾಚಗೊಳ್ಳೂದು ಬ್ಯಾಡ’ ಅಂದ್ರು.”

ನೀಲವ್ವ ಸೀಳಿದ ಹೋಳನ್ನು ನನ್ನ ಕೈಗೆ ಕೊಟ್ಟಳು. “ಇದು ಯಾವುದಣ್ಣಾ?” ಸಿಪ್ಪೆ ತೆಳುವೂ ಅಲ್ಲ, ದಪ್ಪವೂ ಅಲ್ಲ. ಒಳಗೆ ತಿಳಿ ಕಂದು. ಮೂಸಿದೆ. ಮೊದಲಿನ ಮೂಗು ಈಗಿಲ್ಲ.

“ಗೊತ್ತಿಲ್ಲವಾ” ಎಂದೆ. ಅಷ್ಟು ಸುಲಭದ ಮಾತು ಅದು.

ಎದ್ದು ಎದುರಿನ ಮನೆಗೆ ಹೋದೆ. ಇಮಾಮಸಾಬ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಎತ್ತರ ಬಾಗಿದೆ, ದನಿ ಹಾಗೇ ಇದೆ. “ಬರ್ರಿ ಅಣಬಿ ಸಾಹೇಬ್ರ! ಎಷ್ಟ ವರ್ಷಾತು!” ಎಂದು ಜಾಗ ಕೊಟ್ಟ. ಪಕ್ಕದಲ್ಲಿ ಇನ್ನಿಬ್ಬರು ಮುದುಕರಿದ್ದರು. ನಾನು ಕೂರಲಿಲ್ಲ.

“ಇಮಾಮಣ್ಣ, ಆ ವರ್ಷ ಅಣಬಿ ತಿನ್ರಿ ಅಂತ ಹೇಳಿದ್ದು ನಮ್ಮ ಅಕ್ಕೋರ ಅಲ್ಲ. ಅವರು ಹೇಳೇ ಇಲ್ಲ. ನಾ ಹೇಳಿದ್ದು. ಅವರ ಹೆಸರ ಹಚ್ಚಿದ್ದೂ ನಾನ.”

ಅವನು ಗೋಡೆಗೆ ಒರಗಿದ್ದ ಬೆನ್ನನ್ನು ಎತ್ತಿ ನೇರ ಕೂತ.

“ಆಕಿ ತಿಪ್ಪಿಯೊಳಗ ಕೈ ಹಾಕಿದ್ಲಲ್ಲ... ನೀನೂ ಬಾಜೂಕ ಕುಂತಿದ್ದಿ.”

“ಹೌದು.”

“ಇಷ್ಟ ವರ್ಷ ನಾ ಆಕಿನ್ನ ಬೈದೇನಲ್ಲೋ! ಬಂದವರ ಮುಂದ, ಹೋದವರ ಮುಂದ ಬೈದೇನಿ. ಆ ಬೈಗಳನೆಲ್ಲಾ ಈಗ ಎಲ್ಲಿಡ್ಲಿ?”

“ನನಗ ಕೊಡ್ರಿ. ನಂದ ಅವು.”

ಕೊಟ್ಟ. ಹೇಡಿ ಎಂದ, ಸುಳ್ಳಬುರುಕ ಎಂದ. ನಿನ್ನಂಥವನು ಕಟ್ಟಿದ ಗೋಡೆ ಒಂದು ಮಳೆಗೂ ನಿಲ್ಲುವುದಿಲ್ಲ ಎಂದ. ಹೆಣ್ಣುಮಗಳ ಬೆನ್ನ ಹಿಂದೆ ಅಡಗಿ ಕೂತ ಗಂಡಸು ಎಂದ. ಬಾಗಿಲುಗಳಲ್ಲಿ ಹೆಂಗಸರು, ಹುಡುಗರು ಬಂದು ನಿಂತರು. ನೀಲವ್ವ ತನ್ನ ಹೊಸ್ತಿಲಲ್ಲಿ ನಿಂತಿದ್ದಳು, ತಡೆಯಲು ಬರಲಿಲ್ಲ. ನಾನು ಒಂದೊಂದನ್ನೂ ನಿಂತು ಕೇಳಿದೆ. ಕೊನೆಗೆ ಅವನಿಗೇ ದಣಿವಾಗಿ ಕೆಮ್ಮು ಬಂತು. ಹೆಗಲ ಮೇಲಿನ ವಸ್ತ್ರದಿಂದ ಬಾಯಿ ಒರೆಸಿಕೊಂಡು, ಕಟ್ಟೆಯ ಮೇಲೆ ಕೈಯಿಂದ ತಟ್ಟಿ, “ಕುಂದರು” ಎಂದ. ಕೂತೆ.

“ಎಲ್ಲದಾರ ಈಗ ಅವರು?”

“ಹೋದ್ರು. ಇಂಡಿಗಿ ಲಗ್ನಕ್ಕ ಹೋದಾಗ ಗೊತ್ತಾತು.”

ಬೀದಿಯ ಮಣ್ಣಿನಿಂದ ಹಸಿ ವಾಸನೆ ಏಳುತ್ತಿತ್ತು.

“ಇಷ್ಟ ದಿನಾ ‘ಕಾಲೇಜಿನ ಆಕಿ’ ಅಂತ ಬೈದೇನಿ” ಎಂದ ಮೆಲ್ಲಗೆ. “ಹೆಸರ ಸೈತ ಗೊತ್ತಿದ್ದಿಲ್ಲ ನೋಡು. ಏನವರ ಹೆಸರು?”

ಹೇಳಿದೆ.

ಇಮಾಮಸಾಬ ಆ ಹೆಸರನ್ನು ಒಮ್ಮೆ ತನ್ನ ಬಾಯಲ್ಲೇ ಆಡಿಸಿ ನೋಡಿದ. ಆಮೇಲೆ ಬಾಗಿಲ ಕಡೆ ತಿರುಗಿ, ಒಳಗೆ ಒಲೆಯ ಮುಂದಿದ್ದ ಹೆಂಡತಿಗೆ ಕೇಳುವಂತೆ, ಓಣಿಗೆಲ್ಲ ಕೇಳುವಂತೆ, ತನ್ನ ಆ ದೊಡ್ಡ ದನಿಯಲ್ಲಿ ಅದನ್ನೇ ಕೂಗಿ ಹೇಳಿದ.